ಆ ಟೀಚರ್ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಊರು, ಜನ, ಬೆಳೆಯ ಆಗುಹೋಗನ್ನು ಲೆಕ್ಕ ಹಾಕಿ ನಡೆಸುವ ಕಂಪ್ಯೂಟರ್ ಸಿಮ್ಯುಲೇಷನ್ ಆಟಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ಅದು ಊರು ಕಟ್ಟುವ ಆಟವಾದ 1989ರ ಸಿಮ್‌ಸಿಟಿಯಿಂದ ಶುರುವಾಗುತ್ತದೆ. ಅದಕ್ಕೂ 25 ವರ್ಷ ಮೊದಲೇ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ ಇಂಥ ಆಟ ಬರೆದಿದ್ದರು. ಅವರ ಹೆಸರು ಮೇಬಲ್ ಆಡಿಸ್. ನಾನೂ ಪಾಠ ಮಾಡುವವಳು, ಈ ಹೆಸರು ಬಿಟ್ಟುಹೋಗಿದ್ದು ಬೇಸರ ತಂದಿತು.

ಆಡಿಸ್ ಇದ್ದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಕಂಪ್ಯೂಟರ್ ಕಂಪನಿ ಐಬಿಎಂನ ಪ್ರೋಗ್ರಾಮರ್ ವಿಲಿಯಂ ಮೆಕೇ ಜೊತೆ ಸೇರಿ 1964ರಲ್ಲಿ ‘ದಿ ಸುಮೇರಿಯನ್ ಗೇಮ್’ ಮಾಡಿದರು. ಆಡಿದವರು ಆರನೇ ಕ್ಲಾಸಿನ ಮಕ್ಕಳು. ಪ್ರಶ್ನೆಗಳು ಕಾಗದದ ಮೇಲೆ ಟೈಪಾಗಿ ಬರುತ್ತಿದ್ದವು. ನೀನು ಮೆಸೊಪೊಟೇಮಿಯಾದ (ಈಗಿನ ಇರಾಕ್ ಕಡೆಯ) ಹಳೇ ಪಟ್ಟಣ ಲಗಾಶ್‌ನ ರಾಜ. ಕಣಜದಲ್ಲಿ ಇಷ್ಟು ಧಾನ್ಯ ಇದೆ. ಜನರ ಊಟಕ್ಕೆ ಎಷ್ಟು, ಬಿತ್ತನೆಗೆ ಎಷ್ಟು, ಎತ್ತಿಡುವುದು ಎಷ್ಟು?

ಈ ಆಟದ ಸುದ್ದಿ ಕೇಳಿ ಪ್ರೋಗ್ರಾಮರ್ ಡಗ್ ಡೈಮೆಂಟ್ 1968ರಲ್ಲಿ ಅದರ ಪುಟ್ಟ ರೂಪ ಬರೆದರು. ಡೇವಿಡ್ ಆಲ್ ಅದನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಗೆ ತಂದು 1973ರಲ್ಲಿ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದೇ ‘ಹಮುರಾಬಿ’. ಆಟ ಊರೂರು ಸುತ್ತಿತು, ಟೀಚರ್ ಹೆಸರು ಮಾತ್ರ ದಾರಿಯಲ್ಲೇ ಉದುರಿಹೋಯಿತು.

ಮೆಸೊಪೊಟೇಮಿಯಾ ಪಾಠ ಬಂದಾಗ ಈ ಹಮುರಾಬಿಯನ್ನು ನಾನು ಕರಿಹಲಗೆಯ ಮೇಲೆ ಆಡಿಸುತ್ತೇನೆ. 100 ಜನ, 2800 ಬುಶೆಲ್ (ಧಾನ್ಯ ಅಳೆಯುವ ಒಂದು ಅಳತೆ) ಧಾನ್ಯ. ವರ್ಷಕ್ಕೆ ತಲೆಗೆ 20 ಬುಶೆಲ್ ಬೇಕು. ಒಬ್ಬರು 10 ಎಕರೆ ಉಳಬಹುದು. ಬೆಳೆ ಎಕರೆಗೆ 1ರಿಂದ 5 ಬುಶೆಲ್. ಅದಕ್ಕೆ ಲೂಡೊ ದಾಳ ಹಾಕುತ್ತೇವೆ, 6 ಬಿದ್ದರೆ ಮತ್ತೆ ಹಾಕುವುದು. ಎರಡು ವರ್ಷ ಬೆಳೆ ಕೈಕೊಟ್ಟರೆ ಕ್ಲಾಸು ಪೂರ್ತಿ ಗಪ್‌ಚುಪ್. ಹಸಿವಿನಿಂದ ಯಾರು ಸಾಯಬೇಕು ಅಂತ ತೀರ್ಮಾನ ಮಾಡೋದು ಸುಲಭ ಅಲ್ಲ, ಅಲ್ವಾ?

ಆಟದಲ್ಲಿ ಇಲಿಗಳು ಕಣಜಕ್ಕೆ ನುಗ್ಗುವುದೂ ಉಂಟು. ಒಮ್ಮೆ ಒಬ್ಬ ಹುಡುಗ ಎದ್ದು, ‘ಮಿಸ್, ಹಗೇವಿಗೆ ಹಾಕಿದ್ರೆ ಇಲಿ ಬರಲ್ಲ. ರಾಜ ಯಾಕೆ ಹಾಕಿಲ್ಲ?’ ಅಂದ. ನೆಲದಡಿ ರಾಗಿ ತುಂಬಿಡುತ್ತಿದ್ದ ಹಗೇವಿನ ಮಾತು ಅವನಿಗೆ ತಾತನಿಂದ ಬಂದದ್ದು. ಮಕ್ಕಳೇ ಕೂತು ಹೊಸ ನಿಯಮ ಮಾಡಿದರು: ಹಗೇವು ತೋಡಲು ಹತ್ತು ಜನ ಹೋಗಬೇಕು, ಆ ವರ್ಷ ಅವರು ಉಳುವಂತಿಲ್ಲ. ಆಟದ ನಿಯಮ ಯಾರೋ ಬರೆದದ್ದು, ಅದನ್ನು ಪ್ರಶ್ನಿಸಬಹುದು ಅಂತ ಅವತ್ತು ಅವರಿಗೆ ಗೊತ್ತಾಯಿತು.

ಸಿಮ್‌ಸಿಟಿಗೂ ಈ ಮಾತು ಸಲ್ಲುತ್ತದೆ. ಅದನ್ನು ಮಾಡಿದ ವಿಲ್ ರೈಟ್‌ಗೆ ದಾರಿ ತೋರಿಸಿದ್ದು ನಗರಗಳ ಬೆಳವಣಿಗೆ ಕುರಿತು ಜೇ ಫಾರೆಸ್ಟರ್ 1969ರಲ್ಲಿ ಬರೆದ ಪುಸ್ತಕ. ಸಿಮ್‌ಸಿಟಿಯಲ್ಲಿ ರಸ್ತೆಯೇ ಇಲ್ಲದೆ ಬರೀ ರೈಲು ಹಳಿ ಹಾಕಿದರೆ ಟ್ರಾಫಿಕ್ ಜಾಮೇ ಆಗುವುದಿಲ್ಲ. ಊರು ಹಾಗೆ ನಡೆಯುತ್ತದೆ ಅನ್ನುವುದು ಆಟ ಬರೆದವರ ಲೆಕ್ಕ. ಈಗಿನ ಆಟಗಳಲ್ಲಿ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಆದರೆ ಒಳಗಿನ ಲೆಕ್ಕ ಮಕ್ಕಳಿಗೆ ಕಾಣುವುದೇ ಇಲ್ಲ. ನನಗೆ ಜಾಸ್ತಿ ಕಳವಳ ಇರುವುದು ಇದರ ಬಗ್ಗೆ. ಮೊದಲ ಸಿಮ್‌ಸಿಟಿಯ ಕೋಡ್ (ಆಟ ಬರೆದ ಪ್ರೋಗ್ರಾಂ) 2008ರಲ್ಲಿ ‘ಮೈಕ್ರೊಪೊಲಿಸ್’ ಹೆಸರಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಪ್ರೋಗ್ರಾಮಿಂಗ್ ಬಲ್ಲ ಕನ್ನಡದ ಹುಡುಗರು ಅದನ್ನು ಬಿಚ್ಚಿ ನೋಡಿ, ನಮ್ಮ ಕೆರೆ, ಕಾಲುವೆ, ರಾಗಿ ಹೊಲದ ಲೆಕ್ಕ ಇಟ್ಟು ಒಂದು ಆಟ ಕಟ್ಟಬಾರದೇಕೆ?

ಆಡಿಸ್ ತೀರಿಕೊಂಡದ್ದು 2004ರಲ್ಲಿ. ಗೇಮ್ ತಯಾರಕರು ಪಯೋನಿಯರ್ ಪ್ರಶಸ್ತಿ ಕೊಟ್ಟು ಗೌರವಿಸಿದ್ದು 2023ರಲ್ಲಿ. ಮುಂದಿನ ಪುರವಣಿಯಲ್ಲಿ ದಯವಿಟ್ಟು ಅವರ ಬಗ್ಗೆ ನಾಲ್ಕು ಸಾಲು ಬರೆಯಿರಿ. ಮಕ್ಕಳ ಪುಟದಲ್ಲಿ ಹಮುರಾಬಿಯ ನಿಯಮಗಳನ್ನೂ ಹಾಕಿ. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಆಡಬಹುದು.

– ಸಮಾಜ ವಿಜ್ಞಾನ ಶಿಕ್ಷಕಿ, ಶಿರಾ