ಟಿಕೆಟ್ ಮೇಲೆ ಕಿಲೋಮೀಟರ್ ಬರೆಸಿ: ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರೇ,

ಬೆಂಗಳೂರಿಗೂ ದೆಹಲಿಗೂ ಆಕಾಶದ ನೇರ ದೂರ ಸುಮಾರು 1,700 ಕಿ.ಮೀ. ಎರಡೂ ನಿಲ್ದಾಣಗಳು 77 ಡಿಗ್ರಿ ರೇಖಾಂಶದ ಆಸುಪಾಸಿನಲ್ಲೇ ಇರುವುದರಿಂದ ಹೆಚ್ಚುಕಡಿಮೆ ನೆಟ್ಟಗೆ ಉತ್ತರಕ್ಕೆ ಹಾರಿದರೆ ಆಯಿತು. ಈ ದೂರವನ್ನು ಯಾರೂ ಹಿಗ್ಗಿಸಲಾರರು. ಹಿಗ್ಗುವುದು ಟಿಕೆಟ್ ಮೇಲಿನ ಸಮಯ. ವಿಮಾನ ತಡವಾದಾಗ ಊಟ ತಿಂಡಿ ಪಡೆಯುವ ನಮ್ಮ ಹಕ್ಕನ್ನು ನಿಮ್ಮ ಇಲಾಖೆ ಅಳೆಯುವುದು ಆ ಸಮಯದಿಂದಲೇ. ವರ್ಷಗಟ್ಟಲೆ ಸಹಿಸಿಕೊಂಡೆವು, ಇನ್ನು ಆಗುವುದಿಲ್ಲ.

ಜೆಟ್ ವಿಮಾನ ಈ ದಾರಿಯಲ್ಲಿ ಗಾಳಿಯಲ್ಲಿರುವುದು, ಏರುವುದು ಇಳಿಯುವುದೆಲ್ಲ ಸೇರಿ, ಸುಮಾರು ಎರಡೂಕಾಲು ಗಂಟೆ. ಟಿಕೆಟ್‌ನಲ್ಲಿ ಕಾಣುವುದು ಎರಡೂಮುಕ್ಕಾಲು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮಿಕ್ಕಿದ್ದೆಲ್ಲ ನೆಲದ ಮೇಲಿನ ಲೆಕ್ಕ: ಗೇಟಿನಿಂದ ಹಿಂದಕ್ಕೆ ತಳ್ಳುವುದು, ಟ್ಯಾಕ್ಸಿವೇಯ ಸಾಲು, ದೆಹಲಿಯಲ್ಲಿ ಇಳಿದ ಮೇಲೆ ನಿಲುಗಡೆಯವರೆಗಿನ ಓಟ. ಜೊತೆಗೆ, ತಡವಾದರೂ ಸಮಯಕ್ಕೆ ತಲುಪಿದಂತೆ ಕಾಣಲಿ ಎಂದು ಸೇರಿಸುವ ನಿಮಿಷಗಳು. ಇದೆಲ್ಲ ಕೂಡಿದ್ದೇ ಬ್ಲಾಕ್ ಟೈಮ್. ಅದನ್ನು ವೇಳಾಪಟ್ಟಿಗೆ ಬರೆಯುವುದು ವಿಮಾನ ಕಂಪನಿ.

ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮಾವಳಿಯ ಸೆಕ್ಷನ್ 3, ಸರಣಿ ಎಂ, ಭಾಗ 4 ನಿಮಗೆ ಗೊತ್ತೇ ಇದೆ. ಬ್ಲಾಕ್ ಟೈಮ್ ಎರಡೂವರೆ ಗಂಟೆಯ ಒಳಗಿದ್ದರೆ 2 ಗಂಟೆ ತಡವಾದಾಗ ಊಟ ತಿಂಡಿ ಕೊಡಬೇಕು. ಎರಡೂವರೆ ದಾಟಿದರೆ 3 ಗಂಟೆ ಕಾಯಬೇಕು. ಹಾರುವ ಹೊತ್ತು ಗೆರೆಯ ಒಳಗೇ ಇರುವ ದೆಹಲಿ ವಿಮಾನ, ನೆಲದ ಮೇಲಿನ ನಿಮಿಷಗಳಿಂದ ಗೆರೆಯ ಆಚೆಗೆ ಬೀಳುತ್ತದೆ. ಟಿಕೆಟ್ ಮೇಲೆ ಕಿಲೋಮೀಟರ್ ಬರೆಸಿ, ಹಕ್ಕನ್ನು ಅದರಿಂದ ಅಳೆಯಿರಿ.

ಡಿಸೆಂಬರ್, ಜನವರಿಯ ಬೆಳಗ್ಗೆ ಒಮ್ಮೆ ದೇವನಹಳ್ಳಿಗೆ ಬಂದು ನೋಡಿ. ಇಲ್ಲಿ ಬಿಸಿಲು ಬಿದ್ದಿರುತ್ತದೆ. ದೆಹಲಿಯಲ್ಲಿ ಮಂಜು ಕವಿದು, ಅಲ್ಲಿಂದ ಬರಬೇಕಾದ ವಿಮಾನವೇ ಹೊರಟಿರುವುದಿಲ್ಲ. ಬೋರ್ಡಿನಲ್ಲಿ ಮೊದಲು 40 ನಿಮಿಷ ತಡ ಎಂದು ಬರುತ್ತದೆ, ಆಮೇಲೆ ಇನ್ನೊಂದು 50, ಆಮೇಲೆ ಮತ್ತೊಂದು ಗಂಟೆ. ಕಂತು ಕಂತಾಗಿ ಎರಡೂವರೆ ಗಂಟೆ! ಪಕ್ಕದ ಗೇಟಿನಲ್ಲಿ ಅಷ್ಟೇ ಹೊತ್ತು ಕಾದ ಮುಂಬೈ ಪ್ರಯಾಣಿಕರಿಗೆ ತಿಂಡಿಯ ಹಕ್ಕಿದೆ, ದೆಹಲಿಯವರಿಗಿಲ್ಲ. ನಸುಕಿನ 3 ಗಂಟೆಗೆ ಮನೆ ಬಿಟ್ಟು ಬಂದ ಮುದುಕರು, ಹೊತ್ತಿಗೆ ಸರಿಯಾಗಿ ತಿನ್ನಲೇಬೇಕಾದ ಸಕ್ಕರೆ ಕಾಯಿಲೆಯವರು, ಎಳೆಗೂಸುಗಳು ಆ ಕುರ್ಚಿಗಳಲ್ಲಿ ಕೂತಿರುತ್ತಾರೆ. ಹಸಿವಿಗೂ ಬ್ಲಾಕ್ ಟೈಮ್ ಇದೆಯೇ ಸಚಿವರೇ? ಕೊನೆಗೆ ಹತ್ತಿಸಿಕೊಂಡು ಗೇಟಿನಿಂದ ಹಿಂದೆ ಸರಿಸಿದರೆ ವಿಮಾನ ‘ಹೊರಟಿತು’ ಎಂದೇ ದಾಖಲಾಗುತ್ತದೆ. ರನ್‌ವೇ ಸಾಲಿನಲ್ಲಿ ಇನ್ನರ್ಧ ಗಂಟೆ ನಿಂತರೂ ಅದು ಹೊರಡುವ ತಡಕ್ಕೆ ಸೇರುವುದಿಲ್ಲ.

ಇದು ಅಸಾಧ್ಯದ ಬೇಡಿಕೆಯಲ್ಲ. ಯುರೋಪಿನ 2004ರ ನಿಯಮ 261 ಇದನ್ನೆಲ್ಲ ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯ ಕಿಲೋಮೀಟರ್‌ನಲ್ಲೇ ಅಳೆಯುತ್ತದೆ. ಅಲ್ಲಿನ 1,500 ಕಿ.ಮೀ. ಗೆರೆಯನ್ನು ಹಾಗೇ ಎತ್ತಿಕೊಂಡು ಬರಬೇಡಿ, ದೆಹಲಿಯೇ ಹೊರಗುಳಿಯುತ್ತದೆ. ನಮ್ಮ ದೇಶದ ಉದ್ದಗಲಕ್ಕೆ 2,000 ಕಿ.ಮೀ. ಇಡಿ. ಅದರೊಳಗಿನ ಯಾವ ಮಾರ್ಗವಾದರೂ 2 ಗಂಟೆ ತಡವಾದರೆ ಊಟ ತಿಂಡಿ ಸಿಗಲಿ.

ಟಿಕೆಟ್ ಮೇಲೆ ದೂರ, ಹಾರುವ ಸಮಯ, ಬ್ಲಾಕ್ ಟೈಮ್ ಮೂರನ್ನೂ ಬೇರೆ ಬೇರೆ ಬರೆಸಿ. ಹಕ್ಕನ್ನು ಕಿಲೋಮೀಟರ್‌ನಿಂದ ಅಳೆಯಿರಿ. ಮುಂದಿನ ಮಂಜಿನ ಕಾಲಕ್ಕೆ ಮೊದಲು ಆದೇಶ ಹೊರಡಿಸಿ.

ಇಂತಿ,
ಬೆಂಗಳೂರು–ದೆಹಲಿ ಮಾರ್ಗದ ಪ್ರಯಾಣಿಕರು