ಪಹಣಿ ಇಲ್ಲದವರ ಮಳೆ

ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದೆ, "ಅಡಿಕೆಗೆ ವಿಮೆ ಬಂತಲ್ಲ, ಇನ್ನೇನು ಚಿಂತೆ?" ಅಂತ. ನಾನು ಸುಮ್ನೆ ಮಾತು ಬದಲಿಸಿದೆ. ಉತ್ತರವನ್ನು ಇಲ್ಲೇ ಎಲ್ಲರೆದುರು ಬರೆಯುತ್ತೇನೆ, ಇದು ನಮ್ಮಿಬ್ಬರ ಮಾತಷ್ಟೇ ಅಲ್ಲ.

ಮಳೆ ನಮಗೆ ಹೊಸದಲ್ಲ. ಆಗುಂಬೆ ಪಕ್ಕದಲ್ಲಿ ಹುಟ್ಟಿದವರು ಮಳೆಗೆ ಹೆದರುತ್ತಾರಾ? ಆದರೆ ಈಗಿನ ಮಳೆಗೆ ಹದ ಇಲ್ಲ. ಬರಬೇಕಾದಾಗ ಬರುವುದಿಲ್ಲ, ಬಂದರೆ ಬಿಡುವುದಿಲ್ಲ. ಅಡಿಕೆ ಗೊನೆಗೆ ಬೋರ್ಡೋ ಔಷಧಿ ಹೊಡೆಯಲು ಮಳೆ ಸ್ವಲ್ಪ ಹೊಳವಾಗಿ ಬಿಡುವು ಕೊಡಬೇಕು, ಅದು ಸಿಗದಿದ್ದರೆ ಕೊಳೆರೋಗ ಬಂದು ಎಳೆಕಾಯೆಲ್ಲ ಬುಡಕ್ಕೆ ಉದುರುತ್ತದೆ. ಮೇಲಿಂದ ಎಲೆಚುಕ್ಕೆ ರೋಗ ಬೇರೆ. ನಷ್ಟ ನನಗೂ ಆಗಿದೆ. ಆದರೆ ಪಹಣಿಯಲ್ಲಿ ನನ್ನ ಹೆಸರಿದೆ, ಪಂಚಾಯ್ತಿಯ ಮಳೆಮಾಪಕ ಲೆಕ್ಕ ಕೊಟ್ಟಿತು, ಅದರ ಮೇಲೆ ವಿಮೆ ದುಡ್ಡು ಖಾತೆಗೆ ಬಂತು.

ಮರ ಹತ್ತಿ ಔಷಧಿ ಹೊಡೆಯುವವನಿಗೆ ಅದೇ ಮಳೆಯಲ್ಲಿ ವಾರಗಟ್ಟಲೆ ಕೆಲಸವಿರಲಿಲ್ಲ. ಕಾಯಿ ಉದುರಿದ ಮೇಲೆ ಸುಲಿಯಲು ಬರುವ ಹೆಂಗಸರಿಗೂ ಕೆಲಸ ಕಮ್ಮಿ. ಅವರಿಗೆ ಸುಲಿದಷ್ಟಕ್ಕೇ ಕೂಲಿ ಅಲ್ವಾ? ಅವರ ನಷ್ಟ ಯಾವ ಮಾಪಕದಲ್ಲೂ ಬೀಳುವುದಿಲ್ಲ.

ಹೊರಗೆ ದೊಡ್ಡ ದೊಡ್ಡ ಮಾತು ನಡೆದಿದೆ. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಹಕ್ಕು ಅಂತ ನಮ್ಮ ಸುಪ್ರೀಂ ಕೋರ್ಟ್ 2024ರಲ್ಲೇ ಹೇಳಿತು. ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಹೊರಡಿಸಿದ ಪ್ರಶ್ನೆಯನ್ನು ವನುವಾಟು ದೇಶ ಹೊತ್ತುಕೊಂಡು ಹೋಗಿ, 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಿಂದ ಉತ್ತರ ತಂದಿತು: ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ. ಓದಿ ನಿಜಕ್ಕೂ ಖುಷಿಯಾಯಿತು. ಆದರೆ ಅಂಥ ಮಾತು ಘಟ್ಟ ಹತ್ತಿ ನಮ್ಮೂರಿಗೆ ಬಂದರೆ ಮೊದಲು ಕೇಳುವುದು ಕಾಗದ.

ನಿಮ್ಮ ಮನೆಯದೇ ನೋಡು. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ನಿಮ್ಮಜ್ಜನ ಗದ್ದೆ, ಮನೆ, ದೇವರಬನ ಎಲ್ಲ ಮುಳುಗಿತು. ಹೊಗೆಯಿಲ್ಲದ ಕರೆಂಟು ನಾಡಿಗೆ ಸಿಕ್ಕಿತು, ನಿಮ್ಮವರಿಗೆ ಸಿಕ್ಕಿದ್ದು ಕಾಡಿನಂಚು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಆ ಜಾಗಕ್ಕೆ ಹಕ್ಕುಪತ್ರ ಬೇಕೆಂದರೆ ಪರಿಶಿಷ್ಟ ಪಂಗಡದವರಲ್ಲದವರು 2005ಕ್ಕೆ ಮುಂಚೆ 75 ವರ್ಷದಿಂದ ಕಾಡು ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಅರವತ್ತರ ದಶಕದಲ್ಲಿ ಒಕ್ಕಲೆದ್ದು ಬಂದವರು ಹೊಸ ಜಾಗದಲ್ಲಿ ಅಷ್ಟು ವರ್ಷ ಎಲ್ಲಿಂದ ತರುವುದು, ಹೇಳು! ಹಕ್ಕುಪತ್ರ ಇಲ್ಲ ಅಂದರೆ ನಾಳೆ ಧರೆ ಕುಸಿದಾಗಲೂ ಮತ್ತೆ ಅದೇ ಅಲೆದಾಟ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ. ವಿಮೆ ದುಡ್ಡು ಬಂದ ಮೆಸೇಜು ಓದುತ್ತಿದ್ದಾಗ ಔಷಧಿ ಹೊಡೆಯುವವನು ಅಂಗಳದಲ್ಲಿ ನಿಂತಿದ್ದ. ಮಗನ ಫೀಸಿಗೆ ಮುಂಗಡ ಬೇಕಿತ್ತು. ಕೊಟ್ಟೆ. ಅವನು ಅದನ್ನು ಪುಸ್ತಕದಲ್ಲಿ ಸಾಲ ಅಂತ ಬರೆಸಿಕೊಂಡೇ ಹೋದ, ನಾನು ಬೇಡವೆಂದರೂ ಕೇಳಲಿಲ್ಲ. ನನಗೆ ಪರಿಹಾರ ಕೊಟ್ಟ ಮಳೆ ಅವನ ಮೇಲೆ ಸಾಲ ಹೊರಿಸಿತು. ಅವತ್ತಿನಿಂದ ಆ ಪುಸ್ತಕ ತೆಗೆಯಲು ಮನಸ್ಸು ಬರುತ್ತಿಲ್ಲ ಮಾರಾಯ. ತೋಟ ನೋಡಿದರೂ ಒಂಥರಾ ಸಂಕಟ.

ಪರಿಹಾರದ ಲೆಕ್ಕದಲ್ಲಿ ಹೋದ ಕೂಲಿಯೂ ಸೇರಬೇಕು. ಗ್ರಾಮಸಭೆಯಲ್ಲಿ ಇದನ್ನೇ ಕೇಳುತ್ತೇನೆ, ನಿರ್ಣಯ ಬರೆಸದೆ ಏಳುವುದಿಲ್ಲ.

ಸಾಕು, ಜಾಸ್ತಿಯಾಯಿತು. ನಿನ್ನ ಹೆಂಡತಿ ಕೇಳಿದ ಅಪ್ಪೆಮಿಡಿ ಭರಣಿಯಲ್ಲಿದೆ, ಬೇಗ ಬನ್ನಿ. ನಿಮ್ಮಜ್ಜನ ಹಳೇ ಕಾಗದ ಏನಿದ್ದರೂ ತಾ.

ನಿನ್ನವನೇ,
ತೀರ್ಥಹಳ್ಳಿ ಕಡೆಯವನು