ಅಪ್ಪನ ಬಾಯಿಗೆ ಮೊದಲು ಬಂದದ್ದು ಪದ್ಯ

ಅಪ್ಪನಿಗೆ ಸ್ಟ್ರೋಕ್ ಆಗಿ ಮೊನ್ನೆ ಭಾನುವಾರಕ್ಕೆ ಒಂದು ವರ್ಷ. ಫೋನ್ ಮಾಡಿದವರು, ಬುತ್ತಿ ತಂದವರು, ಆಸ್ಪತ್ರೆಯಲ್ಲಿ ರಾತ್ರಿ ಕಾದವರು ತುಂಬಾ ಜನ. ಒಬ್ಬೊಬ್ಬರಿಗೇ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟು ಬಿದ್ದದ್ದು ಮೆದುಳಿನ ಎಡಭಾಗಕ್ಕೆ. ಬಲಗೈ ಹೋಯಿತು, ಮಾತೂ ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ನೀರು ಬೇಕು ಅನ್ನೋಕೆ ಬಾಯಿ ಬರುತ್ತಿರಲಿಲ್ಲ. 30 ವರ್ಷ ಮೇಷ್ಟರಾಗಿದ್ದ ಮನುಷ್ಯ "ತಾ ತಾ" ಅಂದು ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಮೊದಲು ತೋರಿಸಿದ ಕಡೆ, ಇನ್ನು ಇಷ್ಟೇ ಅಂದುಬಿಟ್ಟಿದ್ದರು.

ಮೂರನೇ ತಿಂಗಳು ಎದುರುಮನೆಯ ಗಮಕದ ಅಜ್ಜಿ ಬಂದರು. ಮಂಚದ ಪಕ್ಕ ಕೂತು, ಸುಮ್ನೆ ಕುಮಾರವ್ಯಾಸನನ್ನು ಎತ್ತಿಕೊಂಡರು. "ಶ್ರೀವನಿತೆಯರಸನೆ..." ಅಂದು ಉಸಿರು ತೆಗೆದುಕೊಂಡರು, ಅಷ್ಟೇ. "ವಿಮಲ ರಾಜೀವ ಪೀಠನ ಪಿತನೆ" ಅಂತ ಅಪ್ಪನ ದನಿ! "ಗದುಗಿನ ವೀರನಾರಯಣ" ತನಕ ಒಂದಕ್ಷರ ತಪ್ಪಲಿಲ್ಲ. ಅಮ್ಮ ಸೌಟು ಹಿಡಿದೇ ಓಡಿಬಂದರು. ಒಳಗೆ ಹಾಲು ಉಕ್ಕಿ ಹೋಯಿತು, ಯಾರೂ ಬೈಯಲಿಲ್ಲ.

ಸ್ಪೀಚ್ ಥೆರಪಿಸ್ಟ್‌ಗೆ ಆಶ್ಚರ್ಯವೇ ಆಗಲಿಲ್ಲ. ಮಾತು ಜೋಡಿಸುವುದು ಬೇರೆ, ಬಾಯಿಪಾಠ, ಹಾಡು ಬರುವುದು ಬೇರೆ. ಎಷ್ಟೋ ಜನರಿಗೆ ಇವು ಉಳಿದಿರುತ್ತವೆ ಅಂದರು. ಆಮೇಲೆ ಆ ಲಯವನ್ನೇ ಹಿಡಿದರು. ಆ ಪದ್ಯದ ಛಂದಸ್ಸು ಭಾಮಿನಿ ಷಟ್ಪದಿ. ಗಿಡ್ಡ ಅಕ್ಷರಕ್ಕೆ 1 ಮಾತ್ರೆ, ಎಳೆದದ್ದಕ್ಕೆ 2 ಅಂತ ಎಣಿಸಿದರೆ ಅದರ ನಡೆ 3 ಮಾತ್ರೆ, 4 ಮಾತ್ರೆ, ಅಲ್ವಾ? ಅಪ್ಪನ ಎಡಗೈಯಿಂದ ತೊಡೆ ತಟ್ಟಿಸುತ್ತಾ "ನನಗೆ ಕಾಫೀ" ಹೇಳಿಸಿದರು. ನನಗೆ, 3. ಕಾಫೀ, ಎಳೆದರೆ 4. ವಾರಗಟ್ಟಲೆ ನಮ್ಮ ಮನೆಯಲ್ಲಿ ಕಾಫಿ ಕೇಳಿದ್ದು ಹೀಗೇ.

ಪದ್ಯವೇ ಔಷಧಿ ಅಂತ ನಾನು ಹೇಳುತ್ತಿಲ್ಲ. ಡಾಕ್ಟರ ಮಾತ್ರೆಯೂ ಬೇಕಿತ್ತು, ಕುಮಾರವ್ಯಾಸನ ಮಾತ್ರೆಯೂ ಬೇಕಿತ್ತು. ಫಿಸಿಯೋ ಮಾಡಿಸಿದ ಹುಡುಗನಿಗೆ, ಥೆರಪಿಸ್ಟ್ ಮೇಡಂಗೆ, ದಿನಾ ಸಂಜೆ ಬಂದ ಆ ಅಜ್ಜಿಗೆ ಕೈಮುಗಿಯುತ್ತೇನೆ. ಅಪ್ಪನಿಗೆ ಇದನ್ನೆಲ್ಲ ಕಂಠಪಾಠ ಮಾಡಿಸಿದ ಹಳ್ಳಿ ಶಾಲೆಯ ಮೇಷ್ಟರು ಈಗಿಲ್ಲ. ಅರ್ಥ ತಿಳಿಯದ ಗಿಣಿಪಾಠ ಯಾಕೆ ಅಂತ ಅಪ್ಪನ ಜೊತೆ ಜಾಸ್ತಿ ಜಗಳ ಆಡಿದವನು ನಾನೇ. ಆ ಜಗಳ ವಾಪಸ್ ತಗೊಂಡಿದ್ದೇನೆ.

15ನೇ ಶತಮಾನದ ಕವಿಗೆ ಥ್ಯಾಂಕ್ಸ್ ಹೇಳೋದು ಹೇಗೆ? ಗದುಗಿನ ವೀರನಾರಾಯಣನ ಗುಡಿಯಲ್ಲಿ ಅವನು ಒರಗಿ ಕೂತು ಬರೆದ ಅಂತ ಹೇಳುವ ಕಂಬವಿದೆ. ಕಾಲು ಇನ್ನೊಂಚೂರು ಗಟ್ಟಿಯಾಗಲಿ, ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ನಿನ್ನೆ ಅಪ್ಪ ತೊಡೆ ತಟ್ಟದೆ ಕೇಳಿದರು: "ಗದಗ... ಯಾವಾಗ?"